ಹದಿಮೂರನೆಯ ಕಂಬ

ಬೆಂಗಳೂರಿನ ನಡುಮಧ್ಯೆ ಇರುವ ದೊಡ್ಡ ದೊಡ್ಡ ಕಟ್ಟಡಗಳನ್ನೆಲ್ಲ ನಾನು ಗುಂಡಗೆ ಮಾಡಿದ್ದೇನೆ ಎಂದರೆ ನೀವು ನಗಬಹುದು. ನಗಿ. ವಿಧಾನಸೌಧ, ಅದರ ಎದುರಿನ ಕೆಂಪು ಹೈಕೋರ್ಟು, ಕಬ್ಬನ್ ಪಾರ್ಕಿನ ಲೈಬ್ರರಿ, ಬ್ಯಾಂಡ್ ಸ್ಟ್ಯಾಂಡು, ಪುರಭವನ, ತಾರಾಲಯ, ಕ್ರಿಕೆಟ್ ಮೈದಾನ. ಈ ಏಳರಲ್ಲಿ ಒಂದಕ್ಕೂ ಕೈಗೆ ಚುಚ್ಚುವ ಮೂಲೆ ಇಲ್ಲ. ಅವು ಅದೇ ಬೆಂಗಳೂರಿನ ಮಧ್ಯದಲ್ಲಿ, ಒಂದು ಪ್ರದರ್ಶನ ಭವನದ ನಡುಮೇಜಿನ ಮೇಲೆ, ದೀಪದ ಕೆಳಗೆ ಕುಳಿತಿದ್ದವು. ಇದನ್ನು ನಾನು ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಿದ್ದೇನೆ. ಈಗ ಬರೆದೂ ಬಿಡುತ್ತಿದ್ದೇನೆ.

ನಾನು ಚನ್ನಪಟ್ಟಣದಲ್ಲಿ ಮರ ತಿರುಗಿಸುವ ಲೇತಿನ ಮುಂದೆ ಕುಳಿತು ಬೊಂಬೆ ಮಾಡುವವಳು. ಹುಟ್ಟಿದ್ದು ಕೂಟಗಲ್ಲಿನ ರಾಗಿ ಹೊಲದ ಮನೆಯಲ್ಲಿ. ಕೈಹಿಡಿದವರು ಮಾಗಡಿ ತಾಲ್ಲೂಕಿನ ಕಲ್ಯದವರು. ಕೆಲಸ ಕಲಿಸಿದ್ದು ಚನ್ನಪಟ್ಟಣದ ಪೇಟೆಯ ಒಬ್ಬ ಹಿರಿಯರು. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತದೆ, ನಾನೂ ಹಾಗೇ ಎನ್ನುತ್ತೇನೆ. ಚಿಂತೆ ಮಾಡುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಬಾಗಿಲಿಗೆ ಬೀಗ ಹಾಕಿ ಅರ್ಧ ದಾರಿಯಿಂದ ವಾಪಸು ಬಂದು ಬೀಗ ಎಳೆದು ನೋಡುವ ಜಾತಿ ನನ್ನದು. ಎಳೆದು ನೋಡಿ ಹೊರಟ ಮೇಲೆ, ಎಳೆದ ರಭಸಕ್ಕೆ ಬೀಗ ಸಡಿಲವಾಯಿತೇನೋ ಎಂದು ಇನ್ನೊಂದು ಚಿಂತೆ.

ಮೆಟ್ರೋ ಕೆಲಸಕ್ಕೆಂದು ಬೆಂಗಳೂರಿನ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಕಾಲ ಅದು. ಒಂದು ದಿನ ಕನ್ನಡಕ ಹಾಕಿಕೊಂಡ ಒಬ್ಬ ಮೇಡಂ ನಮ್ಮ ಕಾರ್ಖಾನೆಗೆ ಬಂದರು. ಪಾರ್ಕಿನ ಹತ್ತಿರದ ಭವನದಲ್ಲಿ ನಗರದ ಬಗ್ಗೆ ಒಂದು ಪ್ರದರ್ಶನ ಮಾಡುತ್ತಾರಂತೆ. ನಗರದ ನಡುಭಾಗದ ಏಳು ಕಟ್ಟಡಗಳನ್ನು ಅರಗಿನ ಬಣ್ಣದ ಮರದಲ್ಲಿ ಮಾಡಿಕೊಡಬೇಕಂತೆ. "ಚೆನ್ನಾಗಿ ಬಂದರೆ ಹಾಲ್ ಮಧ್ಯದ ಮೇಜಿನ ಮೇಲೆ ಇಡ್ತೀವಿ. ಅಷ್ಟು ಫಿನಿಶಿಂಗ್ ಇಲ್ಲದಿದ್ದರೆ ಬಾಗಿಲ ಹತ್ತಿರ ಮಾರಾಟದ ಕೌಂಟರ್ ಇದೆ, ಅಲ್ಲಿಡಬಹುದು. ಆವತ್ತು ಬೆಳಿಗ್ಗೆ ನಾನೇ ನೋಡಿ ಹೇಳ್ತೀನಿ," ಎಂದರು.

ಮೇಡಂ ಕಾರು ತಿರುವಿನಲ್ಲಿ ಮರೆಯಾಯಿತು. ಉಸ್ತಾದ್ ಬೀಡಿ ಹಚ್ಚಿ ಹೇಳಿದರು:

"ಆ ಬಾಗ್ಲು ನಂಗೊತ್ತು ಬೇಟಿ. ಅದರ ಗೇಟಿನ ಹೊರಗೆ ಬುಟ್ಟಿ ಇಟ್ಕೊಂಡು ಬೊಂಬೆ ಮಾರಿದೀನಿ, ವಯಸ್ಸಿನಾಗೆ. ಪ್ರತಿ ಭಾನುವಾರ. ಒಳಗೆ ಏನೈತೆ ಅಂತ ಇವತ್ತಿನವರೆಗೂ ನೋಡಿಲ್ಲ. ಇನ್ನು ಬಾಗಿಲ ಹತ್ರ ಇಡಕ್ಕೆ ನಾನು ಕೆಲಸ ಮಾಡಲ್ಲ. ಇಟ್ರೆ ನಡುಮನೇಲಿ ಇಡ್ಬೇಕು."

ಅಲ್ಲಿಗೆ ನನ್ನ ಚಿಂತೆಗೆ ಒಂದು ವಿಳಾಸ ಸಿಕ್ಕಿತು: ನಡುಮೇಜು.

ತೊಂದರೆ ಏನೆಂದರೆ, ಲೇತಿನ ಮೇಲೆ ತಿರುಗಿದ್ದೆಲ್ಲ ದುಂಡಗಾಗುತ್ತದೆ. ಕಟ್ಟಡಗಳು ಚೌಕ. ಗರಗಸ ಹಿಡಿದು ಹಲಗೆ ಕೊಯ್ದು ಜೋಡಿಸಿದರೆ ಒಂದು ವಾರದ ಕೆಲಸ. ಉಸ್ತಾದ್ ಒಪ್ಪಲಿಲ್ಲ. "ಗರಗಸದ್ದು ಬಡಗಿ ಕೆಲಸ. ತಿರುಗಿದ್ರೇನೇ ಅದು ಚನ್ನಪಟ್ಟಣದ್ದು. ಮೂಲೆ ಇದ್ರೆ ಮಗೀನ ಬಾಯಿಗೆ ಚುಚ್ತದೆ." ವಿಧಾನಸೌಧವನ್ನು ಯಾವ ಮಗುವೂ ಬಾಯಿಗೆ ಹಾಕಿಕೊಳ್ಳುವುದಿಲ್ಲ ಎಂದು ನಾನು ಅಂದೆ. "ನೀನು ಮಾಡಿದ್ದು ಹಾಕೋತದೆ," ಎಂದರು.

ಮೊದಲು ಕಟ್ಟಡಗಳನ್ನು ನೋಡಿ ಬರೋಣ ಎಂದು ಒಂದು ಭಾನುವಾರ ಮೂವರೂ ಹೋದೆವು: ಉಸ್ತಾದ್, ನಾನು, ನಮ್ಮ ಯಜಮಾನರು. ಯಜಮಾನರು ಬಂದದ್ದು ಕೆಲಸಕ್ಕಲ್ಲ. ವಿಧಾನಸೌಧದಲ್ಲಿ ಅಲ್ಲಲ್ಲಿ ಕೂರಿಸಿರುವ ಗುಲಾಬಿ ಛಾಯೆಯ ಕಲ್ಲು ಮಾಗಡಿ ಕಡೆಯದು. ಅದನ್ನು ಅವರು ಸ್ವಂತ ಅತ್ತೆಮಾವ ಬಳುವಳಿ ಕೊಟ್ಟಂತೆ ಆಡುತ್ತಾರೆ.

"ನೋಡಿ ಉಸ್ತಾದ್, ಅಗೋ! ನಮ್ಮ ಮಾಗಡಿ ಕಲ್ಲು. ನಿಮ್ಮ ಬೊಂಬೆ ಬಣ್ಣ ಹೋಯ್ತದೆ, ಇದು ಹೋಗಲ್ಲ."

"ಹೋಗಲ್ಲ ಸರಿ. ಎತ್ಕೊಂಡು ಆಡಕ್ಕಾಯ್ತದಾ?" ಎಂದರು ಉಸ್ತಾದ್.

ಅವರು ನೋಡುತ್ತಿದ್ದುದೇ ಬೇರೆ. ಪುರಭವನದ ಮುಂದೆ ನಿಂತು ಕಂಬಗಳನ್ನು ಮಾತ್ರ ನೋಡಿದರು. ಲೈಬ್ರರಿಯ ಮುಂದೆ ಗೋಪುರದ ತುದಿಯನ್ನು. ಹೈಕೋರ್ಟಿನ ಮುಂದೆ ಮತ್ತೆ ಕಂಬ. ತಾರಾಲಯದ ಗುಮ್ಮಟ ಕಂಡಾಗ ಮಗುವಿನಂತೆ ನಕ್ಕುಬಿಟ್ಟರು, "ಇದು ಅರ್ಧ ಗಂಟೆ ಕೆಲಸ." ಕ್ರಿಕೆಟ್ ಮೈದಾನವನ್ನು ಸುತ್ತಿ ಬಂದು, "ಇದು ಬಟ್ಲು," ಎಂದು ಮುಂದೆ ನಡೆದರು. ಹೀಗೆ ನೋಡುತ್ತಾ ಹೋದರೆ ಆ ಭಾಗದ ಬೆಂಗಳೂರಿನಲ್ಲಿ ಮುಕ್ಕಾಲು ಪಾಲು ನಮ್ಮ ಕಸುಬೇ ಎಂದು ನನಗೂ ಅನ್ನಿಸತೊಡಗಿತು. ಕಲ್ಲಿನವರು, ಗಾರೆಯವರು, ಕಬ್ಬಿಣದವರು ಯಾರೋ ದೊಡ್ಡ ಲೇತಿಟ್ಟುಕೊಂಡು ತಿರುವಿದ್ದಾರೆ, ಅಷ್ಟೆ. ಹೆಮ್ಮೆಗೆ ನನ್ನ ಕುತ್ತಿಗೆ ಒಂದೆರಡು ಅಂಗುಲ ಉದ್ದವಾಯಿತು. ತಕ್ಷಣ, ಕುತ್ತಿಗೆ ನೋವಿಗೆ ಮಾತ್ರೆ ತಂದಿಲ್ಲವಲ್ಲ ಎಂದು ನೆನಪಾಯಿತು.

ಊರಿಗೆ ಬಂದು ಕೆಲಸ ಶುರು. ಎರಡು ಮರದ ತುಂಡುಗಳ ನಡುವೆ ಕಾಗದ ಇಟ್ಟು ಅಂಟಿಸಿ, ಒಂದೇ ಕೊರಡಿನಂತೆ ತಿರುವಿ, ಅರಗು ಹಚ್ಚಿ, ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ಬರಿಸಿ, ಆಮೇಲೆ ಉಳಿ ಇಟ್ಟು ಕಾಗದದ ಗೆರೆಗೆ ಒಂದು ಏಟು. ಎರಡು ಹೋಳಾಗುತ್ತದೆ. ಮುಂದೆ ದುಂಡು, ಹಿಂದೆ ಚಪ್ಪಟೆ. ಇಂಥ ಹೋಳುಗಳನ್ನು ಸಾಲಾಗಿ ನಿಲ್ಲಿಸಿದರೆ ಗೋಡೆ. ಇದು ಉಸ್ತಾದರ ಉಪಾಯ. ನಾನು ನಿಲ್ಲಿಸುವ ಬದಲು ಮಲಗಿಸಿದೆ, ಹೀಗಾಗಿ ನನ್ನ ಮೊದಲ ವಿಧಾನಸೌಧ ಬೇಕರಿ ಬನ್ನಿನಂತೆ ಬಂತು. ಯಜಮಾನರು ಬಂದು ನೋಡಿ, "ಮ್ಯಾಲೆ ಒಸಿ ಬೆಣ್ಣೆ ಹಚ್ಚು," ಎಂದು ಹೋದರು.

ಎರಡನೆಯದು ಬಂತು. ಮೂರನೆಯದು ನಿಜವಾಗಿಯೂ ಚೆನ್ನಾಗಿ ಬಂತು. ಇನ್ನು ಮೆಟ್ಟಿಲ ಮೇಲಿನ ಕಂಬಗಳು. ಅವು ಹನ್ನೆರಡು, ನೋಡಲು ಹೋದ ದಿನ ನಾನು ಮೂರು ಸಲ ಎಣಿಸಿದ್ದೆ.

ಇಲ್ಲಿ ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಸೊಪ್ಪಿನವಳು ಕೊಟ್ಟ ಕಟ್ಟಿನ ಮೇಲೆ ನಾಲ್ಕೆಸಳು ಕೊತ್ತಂಬರಿ ಇಡುತ್ತಾಳಲ್ಲ, ಕೊಸರು, ಹಾಗೆ ಉಸ್ತಾದರೂ ಎಷ್ಟು ಕೇಳಿದರೂ ಒಂದು ಹೆಚ್ಚು ತಿರುವುತ್ತಾರೆ. ನಾಲ್ಕು ಗಾಲಿ ಬೇಕೆಂದರೆ ಐದು. ಮುರಿದರೆ ಇರಲಿ ಎಂದು. ಮುರಿಯದಿದ್ದರೆ ಕೊಂಡವರಿಗೆ ಕೊಸರು. ಇಷ್ಟು ವರ್ಷದಲ್ಲಿ ನನ್ನ ಕೈಯೂ ಹಾಗೇ ಪಳಗಿದೆ. ಹನ್ನೆರಡು ಕಂಬಕ್ಕೆ ಹದಿಮೂರು ತಿರುವಿ ತಟ್ಟೆಯಲ್ಲಿಟ್ಟೆ.

ಅಂಟಿಸಿದ್ದು ಶುಕ್ರವಾರ ಮಧ್ಯಾಹ್ನ. ಉಸ್ತಾದ್ ನಮಾಜಿಗೆ ಹೋಗಿದ್ದರು. ಹಳೆಯ ರೀತಿಯಲ್ಲಿ, ಅರಗು ಕಾಯಿಸಿ, ಕಣ್ಣಳತೆಯಲ್ಲೇ ಸಮನಾದ ಸಂದು ಬಿಟ್ಟು ಒಂದೊಂದೇ ಕಂಬ ನಿಲ್ಲಿಸಿದೆ. ಆಗ ನಾನು ಚಿಂತಿಸುತ್ತಿದ್ದ ವಿಷಯಗಳು: ಮರ ಸರಿಯಾಗಿ ಒಣಗಿದೆಯೋ ಇಲ್ಲವೋ, ಗುಮ್ಮಟ ಒಸಿ ವಾಲಿದೆಯೋ, ನಾಳೆ ರೈಲು ತಡವಾದರೆ, ರೈಲಿನಲ್ಲಿ ಯಾರಾದರೂ ಪೆಟ್ಟಿಗೆ ಮೇಲೆ ಕುಳಿತರೆ. ಇಷ್ಟೆಲ್ಲ ಚಿಂತಿಸುವವಳು ಒಂದು ಕೆಲಸ ಮಾಡಲಿಲ್ಲ. ಎಣಿಸಲಿಲ್ಲ. ತಟ್ಟೆ ಖಾಲಿಯಾಗುವವರೆಗೂ ಅಂಟಿಸಿದೆ. ತಟ್ಟೆ ಖಾಲಿಯಾಯಿತು, ಕೆಲಸ ಮುಗಿಯಿತು, ಹತ್ತಿ ಸುತ್ತಿ ಪೆಟ್ಟಿಗೆ ಕಟ್ಟಿದೆ. ಉಸ್ತಾದ್ ಬಂದು, "ಎಲ್ಲ ಸರಿಯಾಗೈತಾ?" ಎಂದು ಕೇಳಿದರು. "ಐತೆ," ಎಂದೆ.

ಶನಿವಾರ ಬೆಳಗಿನ ಪ್ಯಾಸೆಂಜರ್ ರೈಲಿಗೆ ಮೂವರೂ ಹತ್ತಿದೆವು. ಅರಗಿಗೆ ಸೆಕೆಯಾಗಬಾರದೆಂದು ರಟ್ಟಿನ ಪೆಟ್ಟಿಗೆಗೆ ಸುತ್ತಲೂ ತೂತು ಹೊಡೆದಿದ್ದೆ. ರಾಮನಗರದಲ್ಲಿ ರೇಷ್ಮೆಗೂಡಿನ ಚೀಲದೊಂದಿಗೆ ಹತ್ತಿದ ಒಬ್ಬ ಹೆಂಗಸು ಎದುರು ಕುಳಿತು, ತೂತುಗಳನ್ನೇ ನೋಡುತ್ತಾ ಕೇಳಿದಳು:

"ನಾಟಿನಾ, ಫಾರಮ್ಮಾ?"

"ಏನು?"

"ಕೋಳಿ ಕಣಕ್ಕಾ. ಒಳಗಿರೋವು."

"ಕೋಳಿ ಅಲ್ಲ. ವಿಧಾನಸೌಧ."

ಆಕೆ ಯಜಮಾನರ ಕಡೆ ತಿರುಗಿ, "ಅಣ್ಣಾ, ಅಕ್ಕಂಗೆ ಹುಷಾರಿಲ್ವಾ? ಆಸ್ಪತ್ರೆಗಾ?" ಎಂದಳು. ಯಜಮಾನರು ಬಹಳ ಗಂಭೀರವಾಗಿ ಹೌದೆಂದು ತಲೆಯಾಡಿಸಿದರು. ಆಕೆ ಕೆಂಗೇರಿಯವರೆಗೂ ನನ್ನನ್ನು ಕರುಣೆಯಿಂದ ನೋಡಿದಳು.

ಭವನ ತಲುಪಿದಾಗ ಮೇಡಂ ಇನ್ನೂ ಬಂದಿರಲಿಲ್ಲ. ಕಾವಲಿನವನು ನಮ್ಮನ್ನು ಒಳಗೆ ಬಿಟ್ಟ. ಉಸ್ತಾದ್ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟರು. ಬಿಡಬೇಕಿಲ್ಲ ಎಂದು ಅವನು ಹೇಳಿದರೂ ಬಿಟ್ಟರು. ಒಳಗೆ ಎತ್ತರದ ಛಾವಣಿ, ನಡುವೆ ಬಿಳಿ ಬಟ್ಟೆ ಹಾಸಿದ ದೊಡ್ಡ ಮೇಜು, ಅದರ ಮೇಲೆ ಮಾತ್ರ ಬೀಳುವ ಬೆಳಕು. ಬಾಗಿಲ ಹತ್ತಿರ, ನಿಜ, ಒಂದು ಕೌಂಟರೂ ಇತ್ತು. ಅದರ ಕಡೆ ಉಸ್ತಾದ್ ತಿರುಗಿಯೂ ನೋಡಲಿಲ್ಲ.

ಒಂದೊಂದಾಗಿ ಬಿಚ್ಚಿ ಇಟ್ಟೆ. ಬೆಳಕಿಗೆ ಅರಗು ಹೊಳೆಯಿತು. ಕೊನೆಗೆ ವಿಧಾನಸೌಧ. ಇಟ್ಟು, ಎರಡು ಹೆಜ್ಜೆ ಹಿಂದೆ ಬಂದು ನೋಡಿದೆ. ಏನೋ ಸರಿಯಿಲ್ಲ. ಬಾಗಿಲು ಕಾಣುತ್ತಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ನಡುಬಾಗಿಲಿಗೆ ನೇರ ಅಡ್ಡವಾಗಿ ಒಂದು ಕಂಬ ನಿಂತಿದೆ.

ಎಣಿಸಿದೆ. ಹದಿಮೂರು. ಆ ಕಡೆಯಿಂದ ಎಣಿಸಿದೆ. ಆಗಲೂ ಹದಿಮೂರು.

ಇಡೀ ಜೀವನ ನಡೆಯದ ಅನಾಹುತಗಳಿಗೆ ಚಿಂತೆ ಮಾಡಿದವಳಿಗೆ, ನಡೆದ ಅನಾಹುತದ ಮುಂದೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಬಾಯಿಂದ ಬಂದದ್ದು ಇಷ್ಟೇ: "ಉಸ್ತಾದ್, ಕೊಸರೂ ಅಂಟಿಸ್ಬುಟ್ಟಿದೀನಿ."

ಅವರು ಬಗ್ಗಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಅರೆ, ಯಾರ ಬಾಗಿಲಿಗೆ ಅಡ್ಡ ಹಾಕಿದೀಯ ನೋಡು," ಎಂದರು. "ಪೆಟ್ಟಿಗೆ ಕಟ್ಟಿದ ದಾರ ಕೊಡು. ಬೇಗ ಕೊಡು, ಅವರು ಬತ್ತಾರೆ."

ದಾರವನ್ನು ನಡುಕಂಬದ ಬುಡಕ್ಕೆ ಒಂದು ಸುತ್ತು ಸುತ್ತಿ, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಮಜ್ಜಿಗೆ ಕಡೆಯುವಂತೆ ಎಳೆಯತೊಡಗಿದರು. ಕರೆಂಟಿನ ಲೇತು ಬರುವ ಮೊದಲು, ಬಿಲ್ಲಿನ ಹಗ್ಗದಲ್ಲಿ ಮರ ತಿರುಗಿಸುತ್ತಿದ್ದ ಕಾಲದ ಕೈ ಅದು. ನಾನು ಅದನ್ನು ಕೇಳಿದ್ದೆ, ನೋಡಿರಲಿಲ್ಲ. ಅಕ್ಕಪಕ್ಕದ ಕಂಬಗಳಿಗೆ ಕೂದಲೆಳೆಯಷ್ಟೂ ತಾಗದಂತೆ ದಾರ ಹೋಗುತ್ತಿತ್ತು, ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಬಿಸಿ ಅರಗಿನ ವಾಸನೆ, ನಮ್ಮ ಕಾರ್ಖಾನೆಯ ವಾಸನೆ, ಆ ತಣ್ಣನೆಯ ಭವನದಲ್ಲಿ ಎದ್ದಿತು. ಉಜ್ಜಿದ ಕಾವಿಗೆ ಅರಗು ಕರಗಿ ಬುಡ ಸಡಿಲವಾಯಿತು. ಆಮೇಲೆ ಕಂಬದ ತಲೆಗೆ ದಾರ. ಯಜಮಾನರು ಬಾಗಿಲಲ್ಲಿ ಕಾವಲು ನಿಂತು, "ಬೇಗ ಕಣ್ರೀ, ಕಾರು ಬಂತು," ಎಂದರು. ಕಂಬ ಮಾಗಿದ ಹಣ್ಣಿನಂತೆ ಉಸ್ತಾದರ ಅಂಗೈಗೆ ಬಿತ್ತು. ಮೆಟ್ಟಿಲ ಮೇಲೆ ಉಳಿದ ಅರಗಿನ ಕಲೆಯನ್ನು ಅವರು ಜೇಬಿನಲ್ಲಿದ್ದ ಕೇದಗೆ ಗರಿಯ ಚೂರಿನಿಂದ ಉಜ್ಜಿದರು. ಅದು ಬಾಗಿಲ ಮುಂದಿನ ರಂಗೋಲಿ ಚುಕ್ಕಿಯಷ್ಟು ಹೊಳೆಯುತ್ತಾ ಉಳಿಯಿತು.

ಮೇಡಂ ಬಂದರು. ಮೇಜನ್ನು ನಿಧಾನವಾಗಿ ಒಂದು ಸುತ್ತು ಹಾಕಿದರು. ಬ್ಯಾಂಡ್ ಸ್ಟ್ಯಾಂಡನ್ನು ಮುಟ್ಟಿದರು. ಮೈದಾನದ ಬಟ್ಟಲಿನ ಅಂಚಿನಲ್ಲಿ ಬೆರಳಾಡಿಸಿದರು. ವಿಧಾನಸೌಧದ ಮುಂದೆ ನಿಂತುಬಿಟ್ಟರು. ಹದಿಮೂರರಲ್ಲಿ ನಡುವಿನದು ಹೋದರೆ ಆ ಜಾಗ ಉಳಿದ ಸಂದುಗಳಿಗಿಂತ ಎರಡರಷ್ಟು ಇರುತ್ತದೆಂದು ಲೆಕ್ಕ ಬರುವ ಯಾರಿಗಾದರೂ ಗೊತ್ತಾಗುತ್ತದೆ.

"ಎಲ್ಲ ಕಂಬದ ಮಧ್ಯೆ ಒಂದೇ ಅಳತೆ ಇದೆ. ಬಾಗಿಲ ಮುಂದೆ ಮಾತ್ರ ಯಾಕೆ ಇಷ್ಟು ಅಗಲ?"

ಉಸ್ತಾದ್ ಹೇಳಿದರು:

"ಜನ ಒಳಕ್ಕೆ ಹೋಗೋ ಬಾಗ್ಲು ಅಲ್ವೇನಮ್ಮ. ಒಸಿ ಅಗಲವಾಗೇ ಇರ್ಲಿ ಅಂತ ಬುಟ್ಟಿದೀವಿ."

ಮೇಡಂ ಅವರನ್ನೇ ನೋಡಿದರು. ಅಲ್ಲಿಗೆ ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಬೀಗ ಎಳೆದು ನೋಡುವ ಜಾತಿ. ಮುಂದೆಂದಾದರೂ ಗೊತ್ತಾದರೆ ಎಂಬ ಚಿಂತೆಗೆ ಈಗಲೇ ಎಲ್ಲ ಒದರಿಬಿಟ್ಟೆ. ತಟ್ಟೆ, ಕೊಸರು, ಶುಕ್ರವಾರ, ದಾರ, ಒಂದೂ ಬಿಡಲಿಲ್ಲ. ಯಜಮಾನರು ಹಣೆ ಚಚ್ಚಿಕೊಂಡರು.

ಮೇಡಂ ಬಗ್ಗಿ ಆ ಹೊಳೆಯುವ ಚುಕ್ಕಿಯನ್ನು ನೋಡಿದರು. ಆಮೇಲೆ ನಗತೊಡಗಿದರು. ಕನ್ನಡಕ ತೆಗೆದು ಒರೆಸಿಕೊಂಡು, "ಇದು ಇಲ್ಲಿಂದ ಅಲ್ಲಾಡೋದು ಬೇಡ," ಎಂದು ಕಾವಲಿನವನಿಗೆ ಹೇಳಿದರು. "ಮೇಜು ಇದೇ. ಬಾಗಿಲೂ ಹಾಗೇ ಇರಲಿ. ಆ ಕಂಬ ಎಲ್ಲಿ?"

ಉಸ್ತಾದ್ ಅಂಗೈ ಬಿಚ್ಚಿ ಅದನ್ನು ಅವರ ಕೈಗಿಟ್ಟರು. "ಕೊಸರು," ಎಂದರು.

ಉಸ್ತಾದ್ ಹೊರಗೆ ಬರಲು ಬಹಳ ಹೊತ್ತು ತೆಗೆದುಕೊಂಡರು. ಗೇಟಿನ ಹತ್ತಿರ ಬಂದಾಗ, ಹಿಂದೆ ಬುಟ್ಟಿ ಇಟ್ಟು ಕೂರುತ್ತಿದ್ದ ಜಾಗ ತೋರಿಸಿದರು. ಅಲ್ಲೀಗ ಯಾರೋ ಮೊಬೈಲ್ ಕವರು ಮಾರುತ್ತಿದ್ದರು. ಉಸ್ತಾದ್ ಅಲ್ಲಿ ನಿಂತು ಚಪ್ಪಲಿಯ ಧೂಳು ಕೊಡವಿಕೊಂಡು ನಡೆದರು.

ರೈಲಿಗೆ ಸಮಯವಿತ್ತು. ವಿಧಾನಸೌಧದ ಬೇಲಿಯ ಹೊರಗೆ ಮೂವರೂ ನಿಂತೆವು. ನಿಜವಾದದ್ದು ನನಗೆ ಆವತ್ತು ಸ್ವಲ್ಪ ಮೂಲೆ ಮೂಲೆಯಾಗಿ ಕಂಡಿತು. ಉಸ್ತಾದ್ ಬೆರಳೆತ್ತಿ ಒಂದೊಂದೇ ಕಂಬ ಎಣಿಸಿದರು.

"ಹನ್ನೆರಡೇ," ಎಂದು ಯಜಮಾನರ ಕಡೆ ತಿರುಗಿದರು. "ಏನಪ್ಪಾ, ನಿಮ್ಮ ಮಾಗಡಿ ಕಲ್ಲಿನೋರು ಒಂದು ಕೊಸರೂ ಹಾಕಿಲ್ವಲ್ಲ!"

"ಹಾಕಿದ್ರೆ ಬಾಗಿಲಿಗೆ ಅಡ್ಡ ಬತ್ತಿತ್ತು ಉಸ್ತಾದ್," ಎಂದರು ಯಜಮಾನರು, ನನ್ನನ್ನು ನೋಡದೆ. "ನಮ್ಮೋರು ಎಣಿಸಿ ನಿಲ್ಲಿಸ್ತಾರೆ."

ನಾನು ಇನ್ನೊಮ್ಮೆ ಎಣಿಸುತ್ತಿದ್ದೆ.