ಈರಕ್ಕ ಆರಿಸಿದ ಐವರು

ಈರಕ್ಕ ಫೋನ್ ನೋಡುತ್ತಿದ್ದುದು ಕೋಳಿ ಕಾಳು ನೋಡುವ ಹಾಗೆ. ಕಣ್ಣು ಹೊರಳುತ್ತಿರಲಿಲ್ಲ, ತಲೆಯೇ ಹೊರಳುತ್ತಿತ್ತು. ಪರದೆಯ ಎಡ ಮೂಲೆ ನೋಡಬೇಕಾದರೆ ಕತ್ತನ್ನು ಎಡಕ್ಕೆ ಕೊಂಕಿಸುವರು, ಬಲ ಮೂಲೆಗೆ ಬಲಕ್ಕೆ. ಹಿರಿಯೂರಿನ ನನ್ನ ಕನ್ನಡಕದ ಅಂಗಡಿಯಲ್ಲಿ, ಗಿರಾಕಿಗಳಿಗೆಂದು ಇಟ್ಟ ಸ್ಟೂಲಿನ ಮೇಲೆ ಕೂತು, ಕೊರಳಲ್ಲಿ ಅಳತೆಯ ಟೇಪು ಇಳಿಬಿಟ್ಟುಕೊಂಡು, ಐವತ್ತು ದಾಟಿದ ಆ ಹೆಂಗಸು ಹೀಗೆ ಕತ್ತು ಕೊಂಕಿಸುತ್ತ ಯುದ್ಧ ನಡೆಸುವುದನ್ನು ನೋಡಿದರೆ ನನಗೆ ನಗು ಬರುತ್ತಿತ್ತು. ಕಣ್ಣಿನ ವ್ಯಾಪಾರ ಮಾಡುವವನು ನಾನು. ನಗಬಾರದಿತ್ತು.

ನನ್ನ ಅಂಗಡಿಯಿಂದ ಎರಡು ಬಾಗಿಲು ಆಚೆಗೆ ಅವರ ಹೊಲಿಗೆ ಅಂಗಡಿ. ರವಿಕೆ, ಲಂಗ, ಶಾಲೆ ಮಕ್ಕಳ ಯೂನಿಫಾರಂ. ಆದಿವಾಲದಲ್ಲಿ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವರು. ಗಂಡ ತೀರಿಕೊಂಡ ಮೇಲೆ ತಮ್ಮ ತಿಮ್ಮಣ್ಣನ ಮನೆಗೆ ವಾಪಸು ಬಂದು, ಅಲ್ಲಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬಂದು ಹೊಲಿದು ಸಂಜೆ ಹೋಗುತ್ತಿದ್ದರು. ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿದಾಗ ಕೈ ಸುಮ್ಮನಿರಲಾರದೆ ಫೋನಿನಲ್ಲಿ ಏನೇನೋ ಒತ್ತುತ್ತ ಈ ಆಟಕ್ಕೆ ಬಿದ್ದರಂತೆ.

ಆಟ ಇಷ್ಟೇ. ಎಂಬತ್ತಕ್ಕೂ ಮಿಕ್ಕಿ ವೀರರಿರುತ್ತಾರೆ. ಯುದ್ಧಕ್ಕೆ ಇಳಿಸಬಹುದಾದದ್ದು ಐವರನ್ನು ಮಾತ್ರ. ದಿನಕ್ಕೊಂದಿಷ್ಟು ಬಣ್ಣದ ಕಲ್ಲು ಸಿಗುತ್ತವೆ. ಆ ಕಲ್ಲನ್ನು ಯಾರಿಗೆ ಕೊಡುತ್ತೀರೋ ಅವರ ಬಲ ಒಂದು ಮೆಟ್ಟಿಲು ಏರುತ್ತದೆ. ಒಮ್ಮೆ ಕೊಟ್ಟ ಕಲ್ಲು ಮತ್ತೆ ಕೈಗೆ ಬರುವುದಿಲ್ಲ. ನಾನೂ ಅದನ್ನೇ ಆಡುತ್ತಿದ್ದೆ, ಆರು ತಿಂಗಳಿಂದ ಸತತವಾಗಿ ಸೋಲುತ್ತಿದ್ದೆ.

ಈರಕ್ಕ ಮೊದಲ ಸಲ ಅಂಗಡಿಗೆ ಬಂದದ್ದು ಕನ್ನಡಕಕ್ಕೆ. ನಾನು ಕೌಂಟರಿನ ಮೇಲೆ ಬಿಟ್ಟಿದ್ದ ಫೋನನ್ನು ನೋಡಿ, ಕೇಳದೆ ಎತ್ತಿಕೊಂಡು, ನನ್ನ ವೀರರ ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸಿದರು.

"ಇದೇನಪ್ಪ, ಇಪ್ಪತ್ತು ಜನಕ್ಕೂ ಒಂದೊಂದು ತುತ್ತು ಹಾಕಿದೀಯ. ಒಬ್ರಿಗೂ ಹೊಟ್ಟೆ ತುಂಬಿಲ್ಲ."

"ಎಲ್ಲರೂ ಚೆನ್ನಾಗವ್ರಲ್ಲಕ್ಕ, ಯಾರ್ನ ಬಿಡ್ಲಿ?"

"ಎಲ್ಲಾರೂ ಒಳ್ಳೇರೇ ಕಣಪ್ಪ. ನಿನ್ನತ್ರ ಕಲ್ಲು ಎಷ್ಟೈತೆ ಅದು ಹೇಳು."

ಆಮೇಲೆ ಪಾಠ ಶುರುವಾಯಿತು. ಮೊದಲು ಗುರಾಣಿ ಹಿಡಿದವನನ್ನು ಏರಿಸಬೇಕು, ಅವನು ನಿಂತರೆ ಮಿಕ್ಕವರು ನಿಲ್ಲುತ್ತಾರೆ. ಆಮೇಲೆ ಗಾಯ ಮಾಯಿಸುವವಳನ್ನು. ಹೊಡೆಯುವವರು ಕೊನೆಗೆ. "ನೀನು ನೋಡಿದ್ರೆ ಕತ್ತಿ ಹಿಡಿದೋರ್ನೇ ಏರಿಸ್ಕಂಡು ಕುಂತಿದೀಯ. ಒಂದು ಏಟು ಬಿದ್ರೆ ಎಲ್ಲಾ ಮಲಗ್ತಾವೆ." ಚಂದ ನೋಡಿ ಆರಿಸಬಾರದು, ಹೊಸಬರು ಬಂದರೆಂದು ಹಳಬರನ್ನು ಅರ್ಧಕ್ಕೆ ಬಿಡಬಾರದು, ಸೋತ ಸಿಟ್ಟಿನಲ್ಲಿ ಯಾರಿಗೂ ಕಲ್ಲು ಕೊಡಬಾರದು. ಕನ್ನಡಕದ ಮಾತು ಬಂದದ್ದು ಮುಕ್ಕಾಲು ಗಂಟೆಯ ಮೇಲೆ.

ಆಟದೊಳಗಿನ ಇಂಗ್ಲಿಷ್ ಹೆಸರುಗಳು ಅವರ ನಾಲಿಗೆಗೆ ಹತ್ತುತ್ತಿರಲಿಲ್ಲ. ತಮ್ಮ ಐವರಿಗೂ ಬೇರೆ ಹೆಸರಿಟ್ಟಿದ್ದರು. ಗುರಾಣಿಯವನು ಗುಂಡಪ್ಪ. ಗಾಯಕ್ಕೆ ಸೊಪ್ಪು ಹಚ್ಚುವ ಮುದುಕಿ ಮದ್ದಿನಜ್ಜಿ. ಬೆಂಕಿ ಉಗುಳುವವನು, ಯಾವಾಗಲೂ ಸಿಟ್ಟಿನಲ್ಲಿರುತ್ತಾನೆಂದು, ಬೆಂಕಿ ಮೇಷ್ಟ್ರು. ನಗಾರಿ ಬಾರಿಸಿ ಹುರಿದುಂಬಿಸುವವನು ಡೊಳ್ಳಣ್ಣ. ಐದನೆಯವಳು ಉದ್ದ ಕಾಲಿನ ಬಿಲ್ಲುಗಾತಿ, ಅವಳು ಕೊಕ್ಕರೆ. ಕೊಕ್ಕರೆಯೆಂದರೆ ಈರಕ್ಕನಿಗೆ ಜೀವ. ಅವಳ ಬಾಣವನ್ನು ಬೆರಳಿಂದ ಎಳೆದು ಗುರಿಯಿಟ್ಟು ಬಿಡಬೇಕು. ಹೊಲಿಗೆಯ ಕೈ, ಗುರಿ ತಪ್ಪುತ್ತಲೇ ಇರಲಿಲ್ಲ.

ನನ್ನನ್ನೂ ತಮ್ಮ ತಂಡಕ್ಕೆ ಸೇರಿಸಿಕೊಂಡರು, ಒಟ್ಟು ಮೂವತ್ತು ಜನ. ಹೊಳಲ್ಕೆರೆ, ಹೊಸದುರ್ಗ, ಭರಮಸಾಗರ, ಹೀಗೆ ಸುತ್ತಮುತ್ತಲಿನ ಊರಿನವರೇ. ನಾವಿಬ್ಬರನ್ನು ಬಿಟ್ಟರೆ ಯಾರೂ ಯಾರ ಮುಖವನ್ನೂ ನೋಡಿದವರಲ್ಲ. ಈರಕ್ಕ ತಂಡದ ನಾಯಕಿ, ಆದರೆ ಅದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ. ಆಟದಲ್ಲಿ ಅವರ ಹೆಸರು 'ಆದಿವಾಲ', ಚಿತ್ರ ಒಂದು ಟಗರಿನದು. ಎಲ್ಲರೂ 'ಅಣ್ಣ' ಎನ್ನುತ್ತಿದ್ದರು. "ಅಣ್ಣ, ಈ ವಾರ ಯಾರ್ನ ಏರಿಸ್ಲಿ?" "ಅಣ್ಣ, ನನ್ನ ಪಟ್ಟಿ ಒಂಚೂರು ನೋಡ್ರಿ." ನಿಜ ಹೇಳಬಾರದೇ ಎಂದು ನಾನೊಮ್ಮೆ ಕೇಳಿದೆ.

"ಅಣ್ಣ ಅಂದ್ರೆ ಮಾತು ಕೇಳ್ತಾವೆ. ಅಕ್ಕ ಅಂದ್ರೆ ಊಟ ಆಯ್ತಾ ಅಂತ ಕೇಳ್ತಾವೆ" ಎಂದರು.

ಮೊದಲ ಕನ್ನಡಕ ಕೊಟ್ಟ ಎಂಟು ತಿಂಗಳಿಗೆ ಮತ್ತೆ ಬಂದು, ಸರಿಯಾಗಿ ಕಾಣುತ್ತಿಲ್ಲ ಎಂದರು. ನಂಬರ್ ನೋಡಿ ಸ್ವಲ್ಪ ಹೆಚ್ಚಿನದು ಕೊಟ್ಟೆ. ಇನ್ನಾರು ತಿಂಗಳಿಗೆ ಮತ್ತೊಂದು. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನ ತನಕ ಪಟಪಟ ಓದುತ್ತಿದ್ದರು. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತಿದ್ದರು. ಆದರೆ ಪಕ್ಕದಲ್ಲೇ ಇದ್ದ ಕತ್ತರಿಯನ್ನು ತಡಕುತ್ತಿದ್ದರು. ನನ್ನ ಅಂಗಡಿಯ ಗಾಜಿನ ಬಾಗಿಲ ಅಂಚಿಗೆ ಎರಡು ಸಲ ಹಣೆ ಬಡಿಸಿಕೊಂಡರು. ನಾನು ಬಾಗಿಲಿಗೆ ಕೆಂಪು ಪಟ್ಟಿ ಅಂಟಿಸಿದೆ, ಅಷ್ಟೇ.

ಗೊತ್ತಾದದ್ದು ಒಂದು ಭಾನುವಾರ ಮಧ್ಯಾಹ್ನ. ಅವತ್ತು ತಂಡದ ಯುದ್ಧವಿತ್ತು. ಈರಕ್ಕ ಸ್ಟೂಲಿನ ಮೇಲೆ ಕೂತು ಆಡುತ್ತಿದ್ದರು, ನಾನು ಹಿಂದೆ ನಿಂತು ನೋಡುತ್ತಿದ್ದೆ. ಎಡಗಡೆಯಿಂದ ಎದುರಾಳಿಯ ಕುದುರೆಯವರು ನಾಲ್ಕು ಮಂದಿ ಬಂದರು. ಸಣ್ಣದಾಗೇನಲ್ಲ, ಧೂಳೆಬ್ಬಿಸಿಕೊಂಡು ಬಂದರು. ಈರಕ್ಕ ಬಲಗಡೆಗೆ ಬಾಣ ಬಿಡುತ್ತಲೇ ಇದ್ದರು.

"ಅಕ್ಕಾ, ಎಡಕ್ಕೆ!"

"ಎಡಕ್ಕೆ ಏನೈತೆ?"

ಅಷ್ಟರಲ್ಲಿ ಮದ್ದಿನಜ್ಜಿ ಬಿದ್ದಿದ್ದಳು. ಈರಕ್ಕ ಕತ್ತು ತಿರುಗಿಸಿ ನೋಡಿ, "ಎಲ್ಲಿಂದ ಬಂದ್ವು ಇವು, ಮೋಸದ ಆಟ" ಎಂದು ಬೈದರು. ನಾನು ಫೋನ್ ಇಸಿದುಕೊಂಡು ಪಕ್ಕಕ್ಕಿಟ್ಟೆ. ಒಂದು ಕಣ್ಣು ಮುಚ್ಚಿಕೊಳ್ಳಿ, ನನ್ನ ಮೂಗನ್ನೇ ನೋಡ್ತಿರ್ರಿ, ಬೆರಳು ಕಂಡ ಕೂಡ್ಲೇ ಹೇಳ್ರಿ ಎಂದೆ. ಅವರ ಕಿವಿಯ ಹತ್ತಿರದಿಂದ ಬೆರಳನ್ನು ಮೆಲ್ಲಗೆ ಮುಂದಕ್ಕೆ ತಂದೆ. ಅವರು ಸುಮ್ಮನಿದ್ದರು. ಕೆನ್ನೆ ದಾಟಿತು, ಸುಮ್ಮನಿದ್ದರು. ಬೆರಳು ನನ್ನ ಮೂಗಿನ ಹತ್ತಿರ ಬಂದಾಗ "ಹಾಂ, ಈಗ ಕಾಣ್ತು" ಎಂದು ನಕ್ಕರು.

ಮಾರನೆಯ ದಿನ ಅಂಗಡಿ ಮುಚ್ಚಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ. ಕಣ್ಣಿನ ವೈದ್ಯರು ಮೂರು ಯಂತ್ರಗಳ ಮುಂದೆ ಕೂರಿಸಿದರು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ ಎಂದರು. ಅಂಚಿನಿಂದ ಕತ್ತಲಾಗುತ್ತ ಒಳಕ್ಕೆ ಬರುವ ಕಾಯಿಲೆ, ನೋವಿಲ್ಲ, ನಡುವಿನ ನೋಟ ಕೊನೆಯ ತನಕ ಉಳಿದಿರುತ್ತದೆ, ಅದಕ್ಕೇ ಗೊತ್ತಾಗುವುದಿಲ್ಲ. ಹೋದದ್ದು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು, ಅದೂ ಎಷ್ಟು ದಿನ ಉಳಿಯುತ್ತದೋ ಹೇಳಲಾಗದು. "ವರ್ಷದ ಕೆಳಗೆ ಬಂದಿದ್ದರೆ..." ಎಂದು ಶುರು ಮಾಡಿದ ವೈದ್ಯರು ಈರಕ್ಕನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ವಾಪಸು ಬರುವ ಬಸ್ಸು ಐಮಂಗಲ ದಾಟಿತು. ಆಮೇಲೆ ನಾನೇ ಹೇಳಿದೆ. "ವರ್ಷದ ಕೆಳಗೆ ನೀವು ಬಂದಿದ್ದು ನನ್ನತ್ರಕ್ಕೇ, ಅಕ್ಕ. ನಾನು ಕನ್ನಡಕ ಕೊಟ್ಟು ಕಳಿಸ್ದೆ. ಎರಡು ಸಲ."

"ನೀನೇನು ಡಾಕ್ಟ್ರಾ?"

"ಅಲ್ಲ. ಅದಕ್ಕೇ ಡಾಕ್ಟ್ರ ಹತ್ರ ಕಳಿಸ್ಬೇಕಿತ್ತು."

ಅವರು ಕಿಟಕಿಯ ಕಡೆಗೆ ಮುಖ ಮಾಡಿದರು. ಸಮಾಧಾನ ಹೇಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿರಿಯೂರು ಬಂದಾಗ ಇಳಿಯುತ್ತ, "ಯಾರಿಗೂ ಹೇಳ್ಬ್ಯಾಡ. ಕಣ್ಣು ಕಾಣಲ್ಲ ಅಂದ್ರೆ ಯಾರು ಬಟ್ಟೆ ಕೊಡ್ತಾರೆ? ಆಟದೋರಿಗೂ ಹೇಳ್ಬ್ಯಾಡ. ನನ್ನ ಮೇಲೆ ಆಣೆ ಮಾಡು" ಎಂದರು. ಮಾಡಿದೆ.

ಹನಿ ಹಾಕುವುದನ್ನು ಅವರು ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಕತ್ತಲು ನಿಲ್ಲಲಿಲ್ಲ. ಯೂನಿಫಾರಂ ಬಿಟ್ಟರು, ಆಮೇಲೆ ರವಿಕೆ ಬಿಟ್ಟರು, ಸೀರೆಗೆ ಫಾಲ್ ಹಾಕುವುದೊಂದು ಉಳಿಯಿತು. ಒಂದು ದಿನ ಫೋನ್ ಹಿಡಿದುಕೊಂಡು ಬಂದು ನನ್ನ ಮುಂದೆ ಕೂತರು. ಕೊಕ್ಕರೆಯ ಕೊನೆಯ ಮೆಟ್ಟಿಲಿಗೆಂದು ಎರಡು ವರ್ಷದಿಂದ ಕೂಡಿಟ್ಟ ಕಲ್ಲುಗಳಿದ್ದವು. ಇನ್ನು ನಾಲ್ಕೇ ದಿನಕ್ಕೆ ಅದು ತುಂಬುತ್ತಿತ್ತು. ಇಡೀ ತಂಡ ಕಾಯುತ್ತಿತ್ತು, ಏಕೆಂದರೆ ಮುಂದಿನ ತಿಂಗಳು ದೊಡ್ಡ ಯುದ್ಧ, ಗೆದ್ದರೆ ಮೇಲಿನ ದರ್ಜೆಗೆ ಹೋಗುತ್ತಿದ್ದೆವು.

"ಡೊಳ್ಳಣ್ಣ ಎಲ್ಲವ್ನೆ, ತೋರ್ಸು" ಎಂದರು.

"ಡೊಳ್ಳಣ್ಣ ಯಾಕಕ್ಕ?"

"ಅವನು ತಾನೇ ಬಾರಿಸ್ಕೊಂತಾನೆ. ಬೆರಳು ಇಡಂಗಿಲ್ಲ. ಬಾರಿಸಿದ್ದು ಕೇಳುಸ್ತೈತೆ. ಕೊಕ್ಕರೆಗೆ ನಾನು ನೋಡಿ ಗುರಿ ಇಡ್ಬೇಕು."

ನಾನು ತೋರಿಸಿದೆ. ಅವರು ಕಲ್ಲುಗಳಲ್ಲಿ ಅರ್ಧ ಡೊಳ್ಳಣ್ಣನಿಗೂ ಉಳಿದರ್ಧ, ಅವನಂತೆಯೇ ಬೆರಳು ಬೇಡದ ಮದ್ದಿನಜ್ಜಿಗೂ ಕೊಟ್ಟರು. ಪ್ರತಿ ಸಲ ಒತ್ತುವ ಮೊದಲು ನನ್ನನ್ನು ಕೇಳಿದರು, "ಇದೇ ತಾನೆ?" ಎಂದು. ಇದೇ ಅಕ್ಕ, ಎನ್ನುವುದು ಬಿಟ್ಟು ನನ್ನ ಕೈಲಿ ಏನೂ ಆಗಲಿಲ್ಲ. ಕಲ್ಲು ಮುಗಿದ ಮೇಲೆ ಕೊಕ್ಕರೆಯ ಚಿತ್ರವನ್ನು ದೊಡ್ಡದು ಮಾಡಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತ ಕೂತರು.

ತಂಡದವರಿಗೆ ಸಿಟ್ಟು ಬಂತು. ಹೊಸದುರ್ಗದ ನಾಗರಾಜ ತಂಡದಲ್ಲಿ ಎರಡನೆಯವನು, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ಈರಕ್ಕ ಹೇಳಿಕೊಟ್ಟೇ ಬೆಳೆದವನು. "ಅಣ್ಣ, ಎರಡು ವರ್ಷ ನಮಗೆ ಬುದ್ಧಿ ಹೇಳಿ ನೀವೇ ಹಿಂಗೆ ಮಾಡಿದ್ರೆ ಹೆಂಗೆ? ಮದ್ದಿನೋಳ್ನ ಏರಿಸಿದ್ರೆ ಯುದ್ಧ ಗೆಲ್ತೀವಾ?" ಎಂದು ಬರೆದ. ಈರಕ್ಕ ನನ್ನ ಕೈಲಿ ಉತ್ತರ ಬರೆಸಿದರು: "ನನಗೆ ಸರಿ ಕಂಡಿದ್ದು ಮಾಡೀನಿ." ಯುದ್ಧ ಸೋತೆವು. ಎರಡು ದಿನಕ್ಕೆ ನಾಗರಾಜ ನಾಯಕನನ್ನು ಬದಲಾಯಿಸಲು ಮತಕ್ಕಿಟ್ಟ. ಯಾರು ಯಾವ ಕಡೆ ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತದೆ.

"ನಾನು ಹೇಳಿಬಿಡ್ತೀನಿ ಅಕ್ಕ. ಅವರೂ ಮನುಷ್ಯರೇ, ಅರ್ಥ ಮಾಡ್ಕೊಂತಾರೆ."

"ಅರ್ಥ ಮಾಡ್ಕೊಂಡು ಏನ್ಮಾಡ್ತಾರೆ? ಅಯ್ಯೋ ಪಾಪ ಅಂತಾರೆ. ನೀನೂ ಅವರ ಕಡೇಗೇ ಒತ್ತು. ನೀನೊಬ್ಬನೇ ನನ್ನ ಕಡೆ ನಿಂತ್ರೆ, ಯಾಕೆ ಅಂತ ಕೇಳ್ತಾರೆ."

"ನನ್ನ ಕೈಲಿ ಆಗಲ್ಲ."

"ಲೇ ತಿಪ್ಪೇಶ, ಒತ್ತು ಅಂದೆ."

ಅವರ ಮುಂದೆಯೇ ಒತ್ತಿದೆ. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತೂ ಅವರ ವಿರುದ್ಧ ಬಿದ್ದವು. ನಾಗರಾಜ ನಾಯಕನಾದ. ಈರಕ್ಕನ ಹೆಸರು ಪಟ್ಟಿಯ ತುದಿಯಿಂದ ಬುಡಕ್ಕೆ ಇಳಿಯಿತು.

ಆ ವರ್ಷವೇ ಅವರು ಹೊಲಿಗೆ ಅಂಗಡಿ ಖಾಲಿ ಮಾಡಿದರು. ಆದರೂ ವಾರಕ್ಕೊಮ್ಮೆ ತಿಮ್ಮಣ್ಣ ಯಾವುದಾದರೂ ಕೆಲಸಕ್ಕೆ ಹಿರಿಯೂರಿಗೆ ಬರುವಾಗ ಕರೆತಂದು ನನ್ನ ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದ. ಹಾಗೆ ಬಂದಿದ್ದ ಒಂದು ದಿನ, ಹೇಳದೆ ಕೇಳದೆ, ನಾಗರಾಜ ಅಂಗಡಿಯೊಳಕ್ಕೆ ಬಂದ. ಯಾವುದೋ ಬಿಡಿಭಾಗ ಒಯ್ಯಲು ಊರಿಗೆ ಬಂದವನು, ತಂಡದಲ್ಲಿ ನಾನು ಹೇಳಿದ್ದ ಗುರುತಿನ ಮೇಲೆ ನನ್ನ ಅಂಗಡಿ ಹುಡುಕಿಕೊಂಡು ಬಂದು ಹೆಸರು ಹೇಳಿಕೊಂಡ. ಮೂವತ್ತರ ಆಸುಪಾಸು, ಮಾತುಗಾರ. ಈರಕ್ಕ ಸ್ಟೂಲಿನ ಮೇಲಿದ್ದರು. "ಕುಂತ್ಕಳ್ರಿ" ಎಂದು ಇನ್ನೊಂದು ಕುರ್ಚಿ ಕೊಟ್ಟೆ.

"ಸೋತು ಸುಣ್ಣ ಆಗೀವಿ ಅಣ್ಣ" ಎಂದು ಅವನು ನನಗೆ ಹೇಳಿದ. "ಆದಿವಾಲದ ಅಣ್ಣ ಇದ್ದಾಗ ಹಿಂಗಿರ್ಲಿಲ್ಲ. ಸಿಟ್ಟಲ್ಲಿ ತೆಗೆದ್ವಿ. ಅವ್ರು ಒಂದು ಮಾತೂ ಬೈಲಿಲ್ಲ ನೋಡ್ರಿ. ಈಗ ಯಾರ್ನ ಏರಿಸ್ಬೇಕು ಅಂತ್ಲೇ ಗೊತ್ತಾಗ್ತಿಲ್ಲ. ಅವ್ರ ಮನೆ ಎಲ್ಲಿ ಅಂತ ನಿಮ್ಗೇನಾರ ಗೊತ್ತಾ?"

ನಾನು ಈರಕ್ಕನ ಕಡೆ ನೋಡಿದೆ. ಅವರು ಧ್ವನಿ ಬಂದ ಕಡೆಗೆ ಮುಖ ಎತ್ತಿದ್ದರು.

"ಗುರಾಣಿ ಹಿಡಿದೋನು ಗಟ್ಟಿ ಅವ್ನೇನಪ್ಪ?" ಎಂದು ಕೇಳಿದರು.

ನಾಗರಾಜ ಅವರನ್ನು ನೋಡಿ ಮರ್ಯಾದೆಯಿಂದಲೇ ನಕ್ಕ. "ಅಮ್ಮ, ಇದು ಫೋನಿನ ಆಟ. ನಿಮ್ಗೆ ಇವೆಲ್ಲ ಗೊತ್ತಾಗಲ್ಲ."

"ಹೌದಪ್ಪ" ಎಂದರು ಈರಕ್ಕ.

ಆಣೆ ನನ್ನ ನಾಲಿಗೆಯನ್ನು ಹಿಡಿದಿತ್ತು. ಮನೆ ಗೊತ್ತಿಲ್ಲ ಎಂದೆ. ನಾಗರಾಜ ಟೀ ಕುಡಿದು ಹೋದ. ಸಂಜೆ ತಿಮ್ಮಣ್ಣ ಬರುವುದು ತಡವಾಗಿ, ನಾನೇ ಅವರನ್ನು ಬಸ್ಸಿಗೆ ಬಿಡಲು ಹೋದೆ. ನನ್ನ ಮೊಣಕೈ ಹಿಡಿದು ನಡೆಯುತ್ತಿದ್ದರು.

"ನಾಗರಾಜ ಇಷ್ಟು ಸಣ್ಣ ಹುಡುಗ ಅಂತ ಅಂದ್ಕೊಂಡಿರ್ಲಿಲ್ಲ" ಎಂದರು. "ಮುಖ ಹೆಂಗೈತೆ?"

ಗುಂಡು ಮುಖ, ಗಡ್ಡ ಬಿಟ್ಟಿದಾನೆ ಎಂದೆ. ಹೂಂಗುಟ್ಟಿದರು. ಬಸ್ಸಿನ ಮೆಟ್ಟಿಲು ಸಿಗದೆ ಕಾಲು ಎರಡು ಸಲ ಗಾಳಿಯಲ್ಲಿ ತಡಕಿತು. ಹಿಡಿದು ಹತ್ತಿಸಿದೆ. ಕಿಟಕಿಯ ಪಕ್ಕ ಕೂತರು. ನಾನು ಹೊರಗಿನಿಂದ "ಹೋಗಿ ಬರ್ರಿ ಅಕ್ಕ" ಎಂದೆ. ಅವರು ಕೈ ಬೀಸಿದರು, ನಾನು ನಿಂತ ಕಡೆಗಲ್ಲ, ಇನ್ನೂ ಸ್ವಲ್ಪ ಹಿಂದಕ್ಕೆ.

ಆಮೇಲೆ ಅವರು ಬರಲಿಲ್ಲ. ತಿಮ್ಮಣ್ಣ ಅವರನ್ನು ತುರುವನೂರಿನ ಕಡೆಯ ತಂಗಿಯ ಮನೆಗೆ ಬಿಟ್ಟುಬಂದನಂತೆ, ಅಲ್ಲಿ ನೋಡಿಕೊಳ್ಳಲು ಹೆಣ್ಣುಮಕ್ಕಳಿದ್ದಾರೆ ಎಂದು. ಹೋಗಿ ನೋಡಿಬರುತ್ತೇನೆ ಎಂದು ವಿಳಾಸ ಕೇಳಿದ್ದಕ್ಕೆ, "ಬ್ಯಾಡ ಅಂದವ್ಳೆ ಕಣಣ್ಣ, ಯಾರೂ ಬರಬ್ಯಾಡ ಅಂದವ್ಳೆ" ಎಂದ. ಅವರ ಫೋನು ಬಂದ್ ಆಗಿದೆ.

ಹೋದ ವಾರ ನಾಗರಾಜನಿಂದ ಸಂದೇಶ ಬಂತು. ಹೊಸಬನೊಬ್ಬ ತಂಡಕ್ಕೆ ಸೇರಬೇಕೆಂದಿದ್ದಾನೆ, ಒಂದು ಜಾಗ ಬೇಕು. ಆದಿವಾಲದ ಅಣ್ಣ ಆಟಕ್ಕೆ ಬಂದು ಇನ್ನೂರು ದಿನದ ಮೇಲಾಯಿತು. "ಇನ್ನು ಬರಂಗೆ ಕಾಣಲ್ಲ. ಹೆಸರು ತೆಗೀಲಾ ಅಣ್ಣ? ನೀವು ಹೂಂ ಅಂದ್ರೆ ತೆಗೀತೀನಿ."

ಬೇಡ ಎಂದು ಬರೆದೆ, ಅಳಿಸಿದೆ. ಯಾಕೆ ಎಂದು ಕೇಳಿದರೆ ಹೇಳುವಂತಿಲ್ಲ. ಸರಿ ಎಂದು ಬರೆದೆ, ಅದನ್ನೂ ಅಳಿಸಿದೆ. ಗಿರಾಕಿಯೊಬ್ಬರು ಬಂದರು. ಫೋನನ್ನು ಮಗುಚಿಟ್ಟು ಎದ್ದೆ. ಅವರಿಗೆ ಕನ್ನಡಕ ತೋರಿಸುವ ಮೊದಲು, ಒಂದು ಕಣ್ಣು ಮುಚ್ಚಿಕೊಳ್ಳಿ, ನನ್ನ ಮೂಗನ್ನೇ ನೋಡಿ ಎಂದೆ. ನಾಗರಾಜನಿಗೆ ಇನ್ನೂ ಉತ್ತರ ಕೊಟ್ಟಿಲ್ಲ.