ಹಲ್ಲಿದ್ದ ಎಲೆಗಳು

ಕಾಡಿನ ಕಾವಲುಗಾರನನ್ನು ಎಲ್ಲರೂ ನೀಟಪ್ಪ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಚಪ್ಪಲಿಗಳೂ ಅವನಿಗೆ ಹೆದರಿ ಜೋಡಿಯಾಗಿಯೇ ನಿಲ್ಲುತ್ತಿದ್ದವು. ಅವನ ಪಾಲಿಗೆ ಬಂದದ್ದು ಬೇಲಿ ಹಾಕಿದ ಒಂದು ತುಂಡು ಕಾಡು, ಅದರೊಳಗೆ ಅಳಿದುಳಿದ ಔಷಧಿ ಮರಗಳು. ಕೀಲುನೋವಿಗೆ ಒಳ್ಳೆಯದೆಂದು ಜನ ತೊಗಟೆ ಸುಲಿದೂ ಸುಲಿದೂ, ಬೇಲಿಯಾಚೆಯವೆಲ್ಲ ಒಣಗಿಹೋಗಿದ್ದವು. ಒಳಗಿನವು ಹೂ ಬಿಡುತ್ತಿದ್ದವು, ಕಾಯಿ ಬಿಡುತ್ತಿದ್ದವು, ಬೀಜ ಉದುರಿಸುತ್ತಿದ್ದವು. ಮರವಿತ್ತು, ಮರಿಯಿರಲಿಲ್ಲ.

ಬೇಲಿಯೊಳಗೆ ಕಳೆ ಇರಕೂಡದು ಎಂದು ಹಿಂದಿನ ಸಾಹೇಬರೊಬ್ಬರು ಹೇಳಿ ಹೋಗಿದ್ದರು. ಸಾಹೇಬರು ವರ್ಗವಾದರು, ಮಾತು ವರ್ಗವಾಗಲಿಲ್ಲ. ಬೆಳಗಾದರೆ ನೀಟಪ್ಪ ಮಂಡಿಯೂರಿ ಕೀಳುತ್ತಿದ್ದ. ಆಯುಷ್ಯವನ್ನೆಲ್ಲ ಕಳೆಯಲ್ಲೇ ಕಳೆದ. ಸಸಿ ಹುಟ್ಟಿದರೆ ಥಟ್ಟನೆ ಕಾಣಬೇಕು, ನೆಲ ಹಾಗಿರುತ್ತಿತ್ತು.

ಹೊಸ ಸಾಹೇಬರು ನೋಡಿ ತಲೆಯಾಡಿಸಿದರು. “ಇನ್ನೊಂದು ವರ್ಷ ನೋಡೋಣ. ತಾನಾಗಿ ಒಂದು ಸಸಿನೂ ಹುಟ್ಟಲ್ಲ ಅಂದ್ರೆ ಬೇಲಿ ಯಾಕೆ ಸುಮ್ನೆ? ತೆಗೆದುಬಿಡ್ತೀವಿ.”

ಬೇಲಿ ಹೋದರೆ ಉಳಿದ ಮರಗಳ ಚರ್ಮವೂ ಹೋಗುತ್ತದೆಂದು ನೀಟಪ್ಪನಿಗೆ ಗೊತ್ತಿತ್ತು. ಇನ್ನೂ ಜೋರಾಗಿ ಕಿತ್ತ. ಆ ರಭಸಕ್ಕೆ ಮಂಡಿ ಕೈಕೊಟ್ಟಿತು.

ಅವನು ಮಂಚ ಹಿಡಿದ. ಕಾವಲಿಗೆ ಹೆಂಡತಿ ಹೋದಳು.

“ಕಳೆ ಕಿತ್ಯಾ?” ಎಂದು ಸಂಜೆ ಸಂಜೆಗೂ ಕೇಳುತ್ತಿದ್ದ.

“ಮನೇಲೂ ನಾನೇ ಗುಡಿಸ್ಬೇಕು, ಕಾಡಲ್ಲೂ ನಾನೇ ಗುಡಿಸ್ಬೇಕಾ? ಕಳ್ಳರು ಬರದ ಹಾಗೆ ನೋಡ್ಕೊಂಡೆ. ಸಾಕು, ಮಲಗು.”

ಕೋಲೂರಿಕೊಂಡು ಅವನು ಬೇಲಿಯೊಳಕ್ಕೆ ಕಾಲಿಡುವಷ್ಟರಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ದಾಟಿತ್ತು. ಎಲ್ಲೆಲ್ಲೂ ಕಳೆ. ಕೈ ತಾನಾಗಿ ಬಗ್ಗಿ ಒಂದು ಗಿಡದ ಬುಡ ಹಿಡಿಯಿತು. ಅಂಚಿಗೆಲ್ಲ ಗರಗಸದ ಹಲ್ಲಿರುವ ಎಲೆ. ಹಳೇ ಶತ್ರು, ಅದೆಷ್ಟು ಕಿತ್ತಿದ್ದನೋ. ಆದರೆ ಇದು ಮೊಣಕಾಲೆತ್ತರ ಬೆಳೆದಿತ್ತು, ತುದಿಯ ಹೊಸ ಎಲೆಗಳಿಗೆ ಹಲ್ಲಿರಲಿಲ್ಲ. ತಲೆಯ ಮೇಲಿನ ಮರದ ಎಲೆಯ ಹಾಗೇ ನುಣ್ಣಗಿದ್ದವು. ಮನುಷ್ಯರಂತೆ ಈ ಮರವೂ ವಯಸ್ಸಾದ ಹಾಗೆ ಹಲ್ಲು ಕಳೆದುಕೊಳ್ಳುತ್ತದೆ. ಎಲೆ ಹಿಸುಕಿ ನಾಲಿಗೆಗಿಟ್ಟ. ತೊಗಟೆಯದೇ ಕಹಿ.

ನೀಟಪ್ಪ ಅಲ್ಲೇ ಕುಸಿದು ಕುಳಿತ.

“ಏನಾಯ್ತು, ಮತ್ತೆ ಮಂಡಿನಾ?” ಎಂದಳು ಹೆಂಡತಿ.

“ಮರದ ಸಸಿಗಳು ಕಣೇ ಇವು. ಇಷ್ಟು ವರ್ಷ ನಾನೇ ಕಿತ್ತು ಎಸೆದಿದ್ದು.”

ಏನಾದರೂ ಚುಚ್ಚುತ್ತಾಳೆಂದು ಕಾದ. ಅವಳು ನೀರಿನ ಬಾಟಲಿ ಕೊಟ್ಟಳು. ಅದು ಇನ್ನೂ ಚುಚ್ಚಿತು.

ವರ್ಷದ ಗಡುವು ಮುಗಿದು ಸಾಹೇಬರು ಬಂದರು. ಸಸಿಗಳನ್ನು ಕಂಡು ಹಿಗ್ಗಿದರು. “ಭೇಷ್! ಬೇಲಿ ಇರ್ಲಿ. ಮೇಲಿನವರು ನೋಡೋಕೆ ಬರ್ತಾರೆ, ಸುತ್ತ ಸ್ವಲ್ಪ ಕ್ಲೀನ್ ಮಾಡಿಬಿಡಿ.”

“ಆಗಲ್ಲ ಸಾರ್.” ಇಡೀ ಸರ್ವೀಸಿನಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. “ಕಳೆ ಅಂತ ಕಿತ್ತಿದ್ದು ಇದನ್ನೇ. ಇದರೊಳಗೆ ಇನ್ನೂ ಎಷ್ಟಿವೆಯೋ, ಇನ್ನೆಂಥ ಮುಖ ಹೊತ್ಕೊಂಡಿವೆಯೋ, ನಂಗೆ ಗೊತ್ತಿಲ್ಲ. ಕಿತ್ತೂ ಕಿತ್ತೂ ಸಾಕಾಗಿದೆ ಸಾರ್.”

ಸಾಹೇಬರು ತಮ್ಮ ಬೂಟಿನ ಕಡೆ ನೋಡಿ ನಿಧಾನವಾಗಿ ಒಂದು ಕಾಲು ಎತ್ತಿದರು. ಎಲ್ಲಿ ಇಳಿಸುವುದೆಂದು ತಿಳಿಯದೆ ಕೊಕ್ಕರೆಯಂತೆ ನಿಂತರು. ನೀಟಪ್ಪ ಹೆಗಲು ಕೊಟ್ಟ.