ಬಿಗಿಯಕ್ಕನ ಕೈಬಲ ಯಾರದು?

ಮುಪ್ಪನ್ನು ತಡೆಯುತ್ತದೆ ಎಂದು ಮನುಷ್ಯರ ಮೇಲೆ ನಡೆದ ಪರೀಕ್ಷೆಯಲ್ಲಿ ಸಾಬೀತಾದ ಒಂದೇ ಒಂದು ಮಾತ್ರೆ ಇವತ್ತಿಗೂ ಯಾವ ಅಂಗಡಿಯಲ್ಲೂ ಇಲ್ಲ. ಇಲಿಯ ಮೇಲೆ ಏನೋ ಆಗಿದೆ, ಹುಳುವಿನ ಮೇಲೆ ಏನೋ ಆಗಿದೆ, ಗಾಜಿನ ತಟ್ಟೆಯಲ್ಲಿಟ್ಟ ಜೀವಕೋಶದ ಮೇಲೂ ಏನೋ ಆಗಿದೆ. ನೀವು ಇಲಿಯಲ್ಲ. ಇಷ್ಟು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿಲ್ಲದಿದ್ದರೆ ತಪ್ಪು ನಿಮ್ಮೊಬ್ಬರದೇ ಅಲ್ಲ. ಶೀಶೆಯ ಮುಂದೆ ನಗುವ ಮುಖವನ್ನು ಅಚ್ಚು ಹಾಕಿ, ಪರೀಕ್ಷೆಯ ಮಾತನ್ನು ಇರುವೆಕಾಲಿನಷ್ಟು ಸಣ್ಣ ಅಕ್ಷರದಲ್ಲಿ ಹಿಂದಕ್ಕೆ ತಳ್ಳಿದವರದೂ ಹೌದು.

ಅಂಥ ಒಂದು ನಗುವ ಮುಖ ನಮ್ಮ ಬೀದಿಯದು. ವಯಸ್ಸು ಐವತ್ತೆಂಟು. ಬಸ್ಸಿನ ಸೀಟುಗಳಿಗೆ ರೆಕ್ಸಿನ್ ಹೊದಿಸುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದ ದುಡಿಮೆ. ಅಲ್ಲಿ ಆಕೆಯನ್ನು ಕರೆಯುವುದು ಬಿಗಿಯಕ್ಕ ಎಂದು. ಸ್ವಭಾವ ಬಿಗಿಯಲ್ಲ, ಬಾಯಂತೂ ಬಿಗಿಯೇ ಅಲ್ಲ. ಆಕೆ ಹೊದಿಸಿದ ಸೀಟು ಬಿಗಿ. ಫೋಮನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿ, ಹೊಲಿದ ರೆಕ್ಸಿನ್ ಚೀಲವನ್ನು ಮೇಲಿಂದ ಇಳಿಸಿ, ಕೆಳಗಿನ ಅಂಚನ್ನು ಎಳೆದು ಹದಿನಾಲ್ಕು ಕೊಕ್ಕೆಗಳಿಗೆ ಸಿಕ್ಕಿಸಬೇಕು. ಮೊದಲ ಹತ್ತನ್ನು ಯಾರು ಬೇಕಾದರೂ ಸಿಕ್ಕಿಸುತ್ತಾರೆ. ಕೊನೆಯ ನಾಲ್ಕರಲ್ಲಿ ಹೆಬ್ಬೆರಳಿನ ಬುಡ ಮಾತಾಡುತ್ತದೆ. ಒಂದು ಸುಕ್ಕು ಉಳಿದರೂ ಸೀಟು ವಾಪಸ್. ಸೀಟಿನ ಸುಕ್ಕು ಬಿಡಿಸುತ್ತಾ ಬಿಡಿಸುತ್ತಾ ತನ್ನ ಮುಖದ ತುಂಬ ಸುಕ್ಕು ತಂದುಕೊಂಡವಳು ಬಿಗಿಯಕ್ಕ.

ಹೋದ ವರ್ಷ ಆ ಹೆಬ್ಬೆರಳು ಕೈಕೊಟ್ಟಿತು. ಕೊನೆಯ ಕೊಕ್ಕೆ ಜಾರತೊಡಗಿತು. ಮೇಸ್ತ್ರಿ ಕೆಟ್ಟವನಲ್ಲ, ಆದರೆ ಕಣ್ಣು ಮುಚ್ಚಿಕೊಳ್ಳುವವನೂ ಅಲ್ಲ. ವರ್ಷದ ಕೊನೆಗೆ ಐವತ್ತೈದು ದಾಟಿದವರಿಗೆಲ್ಲ ಪರೀಕ್ಷೆ: ಅರ್ಧ ಗಂಟೆಯಲ್ಲಿ ಆರು ಸೀಟು. ಆಗದವರು ದಾರದ ತುದಿ ಕತ್ತರಿಸುವ ಮೂಲೆಗೆ. ಆ ಮೂಲೆಯಲ್ಲಿ ಕುರ್ಚಿ ಇದೆ, ನೆರಳಿದೆ, ಮರ್ಯಾದೆಯಿಲ್ಲ. ಬಿಗಿಯಕ್ಕನಿಗೆ ಬೇಕಾಗಿದ್ದದ್ದು ತನ್ನ ಮೇಜು, ಇನ್ನೆರಡು ವರ್ಷ, ತನ್ನ ಕೈಯಿಂದಲೇ.

ಅಷ್ಟರಲ್ಲಿ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದವರು ಕಾರ್ಖಾನೆಗೆ ಬಂದರು. ಒಂದು ಕಂಪನಿ ಆಗಲೇ ಅಂಗಡಿಯಲ್ಲಿ ಮಾರುತ್ತಿದ್ದ ‘ಯೌವನದ ಮಾತ್ರೆ’ಯನ್ನು ಮನುಷ್ಯರ ಮೇಲೆ ಪರೀಕ್ಷಿಸಬೇಕಿತ್ತು. ತೊಂಬತ್ತಾರು ಜನ, ಹನ್ನೆರಡು ವಾರ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧಕ್ಕೆ ನೋಡಲು ಹಾಗೇ ಇರುವ, ಒಳಗೆ ಬರೀ ಹಿಟ್ಟಿರುವ ಮಾತ್ರೆ. ಯಾರಿಗೆ ಯಾವುದು ಎಂದು ತಿಂದವರಿಗೂ ಗೊತ್ತಿಲ್ಲ, ಕೊಟ್ಟ ನರ್ಸಿಗೂ ಗೊತ್ತಿಲ್ಲ. ಬಾಟಲಿಯ ಮೇಲೆ ಸಂಖ್ಯೆ ಮಾತ್ರ. ಹದಿನೈದು ದಿನಕ್ಕೊಮ್ಮೆ ಹೋಗಿ ಹಿಡಿಕೆಯಂಥ ಯಂತ್ರವೊಂದನ್ನು ಹಿಂಡಬೇಕು. ಅದು ಕೈಬಲವನ್ನು ಕಿಲೋ ಲೆಕ್ಕದಲ್ಲಿ ತೋರಿಸುತ್ತದೆ. ಉಳಿದ ಮಾತ್ರೆ ಎಣಿಸಿ ಒಪ್ಪಿಸಬೇಕು. ನಿದ್ದೆ ಹೇಗಿದೆ, ಹುಮ್ಮಸ್ಸು ಹೇಗಿದೆ, ಎಷ್ಟು ವಯಸ್ಸಿನವರಂತೆ ಅನ್ನಿಸುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು.

ಬಿಗಿಯಕ್ಕ ಸೇರಿದಳು. ಆಕೆಯ ಬೆನ್ನಿಗೇ ಆಕೆಯ ವಾರಗಿತ್ತಿಯೂ ಸೇರಿದಳು, ಅಂದರೆ ಗಂಡನ ತಮ್ಮನ ಹೆಂಡತಿ. ಅದೇ ಕಾರ್ಖಾನೆಯಲ್ಲಿ ರೆಕ್ಸಿನ್ ಕತ್ತರಿಸುವವಳು, ಐವತ್ತಮೂರು ವಯಸ್ಸಿನವಳು. ಇಬ್ಬರೂ ಇಪ್ಪತ್ತೇಳು ವರ್ಷದಿಂದ ಒಂದೇ ಮನೆ, ಒಂದೇ ಒಲೆ. ವಾರಗಿತ್ತಿಯರು ಒಂದೇ ಸೂರಿನಡಿ ಇಷ್ಟು ವರ್ಷ ಜುಟ್ಟು ಹಿಡಿಯದೆ ಬದುಕಿದ್ದಾರೆಂದರೆ ಅದಕ್ಕೊಂದು ಕಾನೂನಿರಲೇಬೇಕು. ಇವರದು ಒಂದೇ ಕಾನೂನು: ಬಂದದ್ದು ಸಮಪಾಲು. ಒಂದು ಹಣ್ಣು ಬಂದರೂ ಎರಡು ಹೋಳು. ಒಬ್ಬಳು ಕತ್ತರಿಸಬೇಕು, ಇನ್ನೊಬ್ಬಳು ಮೊದಲು ಆರಿಸಿಕೊಳ್ಳಬೇಕು.

ಇನ್ನು ಮುಂದೆ ನಡೆದದ್ದನ್ನು ಯಾವ ವಿಜ್ಞಾನಿಯೂ ಊಹಿಸಿರಲಿಕ್ಕಿಲ್ಲ; ಆದರೆ ಒಂದು ಸಂಸಾರ ಹೇಗೆ ನಡೆಯುತ್ತದೆಂದು ಬಲ್ಲ ಯಾರಾದರೂ ಮೊದಲ ದಿನವೇ ಹೇಳಿಬಿಡುತ್ತಿದ್ದರು. ಮನೆಗೆ ಬಂದು ಎರಡೂ ಬಾಟಲಿಗಳನ್ನು ಮೇಜಿನ ಮೇಲಿಟ್ಟು ಕೂತರು. ಒಬ್ಬಳದ್ದು ಔಷಧಿ, ಇನ್ನೊಬ್ಬಳದ್ದು ಹಿಟ್ಟು ಆಗಿಬಿಟ್ಟರೆ?

“ನಿನಗೆ ಬಲ ಬಂದು ನನಗೆ ಬರದೆ ಹೋದ್ರೆ ನಾನು ಸುಮ್ಮನಿರ್ತೀನಿ ಅಂದ್ಕೊಂಡ್ಯಾ ಅಕ್ಕ?” ಎಂದಳು ಕಿರಿಯವಳು.

“ನಾನಾದ್ರೂ ಇರ್ತೀನಾ?” ಎಂದಳು ಹಿರಿಯವಳು.

ಎರಡೂ ಬಾಟಲಿಗಳನ್ನು ಒಂದು ಸ್ಟೀಲ್ ಡಬ್ಬಿಗೆ ಸುರಿದು, ಮುಚ್ಚಳ ಹಾಕಿ, ಚೆನ್ನಾಗಿ ಕುಲುಕಿದರು. ಬೆಳಗ್ಗೆ ನಿನಗೆರಡು, ನನಗೆರಡು. ಆಸ್ಪತ್ರೆಗೆ ಹೋಗುವ ದಿನ ಉಳಿದದ್ದನ್ನು ಎಣಿಸಿ ಮತ್ತೆ ಎರಡು ಬಾಟಲಿಗೆ ತುಂಬುವುದು. ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ನರ್ಸ್ ಬೆನ್ನು ತಟ್ಟಿದಳು. ಮೋಸ ಮಾಡುತ್ತಿದ್ದೇವೆ ಎಂದು ಇಬ್ಬರಿಗೂ ಕನಸಿನಲ್ಲೂ ಹೊಳೆಯಲಿಲ್ಲ. ಮೋಸವಾಗದ ಹಾಗೆ ನೋಡಿಕೊಂಡೆವು ಎಂದೇ ಅವರ ಎಣಿಕೆ.

ಈಗ ಕೇಳಿ ಮಜಾ. ಮೊದಲ ದಿನ ಬಿಗಿಯಕ್ಕ ಹಿಂಡಿದಾಗ ಯಂತ್ರ ಹತ್ತೊಂಬತ್ತು ತೋರಿಸಿತ್ತು. ನಾಲ್ಕನೇ ವಾರ ಇಪ್ಪತ್ತೊಂದೂವರೆ! ಎಂಟನೇ ವಾರ ಇಪ್ಪತ್ನಾಲ್ಕು! ಕಾರ್ಖಾನೆಯಲ್ಲಿ ಕೆಲಸಕ್ಕಿಂತ ಅದರ ಮಾತೇ ಜಾಸ್ತಿಯಾಯಿತು. ಆಸ್ಪತ್ರೆಯಿಂದ ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ “ಎಷ್ಟು, ಎಷ್ಟು?” ಎನ್ನುವರು. ಸಂಖ್ಯೆಗಳು ಸೀಮೆಸುಣ್ಣದಲ್ಲಿ ಗೋಡೆ ಹತ್ತಿದವು. ಪರೀಕ್ಷೆಗೆ ಸೇರಿದ್ದ ಪ್ಯಾಕಿಂಗಿನವನೊಬ್ಬನ ಅಂಕಿ ಇಳಿದ ದಿನ, ಅವನ ಕೈಗೆ ರಟ್ಟಿನ ಪೆಟ್ಟಿಗೆಯ ಬದಲು ಹತ್ತಿಯ ಉಂಡೆ ಕೊಟ್ಟರು. ಬಿಗಿಯಕ್ಕನ ಕೊನೆಯ ಕೊಕ್ಕೆ ಜಾರುವುದು ನಿಂತಿತು. ಹದಿನಾಲ್ಕನೆಯದು ಟಕ್ಕೆಂದು ಕೂತ ಬೆಳಗ್ಗೆ ಆಕೆ ಸೀಟನ್ನು ತಿರುಗಿಸಿ ಅಂಗೈಯಿಂದ ಎರಡು ಸಲ ಬಡಿದಳು. ಆ ಸದ್ದಿಗೆ ಇಡೀ ಸಾಲು ತಲೆಯೆತ್ತಿ ನೋಡಿತು. ಮೇಸ್ತ್ರಿ ಹತ್ತಿರ ಬಂದು ಅಂಚು ಮುಟ್ಟಿ ನೋಡಿ, “ಆ ಮಾತ್ರೆನ ಒಂದೆರಡು ಸೀಟಿಗೂ ತಿನ್ನಿಸು, ಸುಕ್ಕು ತಾನೇ ಹೋಗತ್ತೇನೋ ನೋಡೋಣ” ಎಂದು ಹೋದ.

ಹತ್ತನೇ ವಾರ ಕಂಪನಿಯ ಪ್ರಚಾರದವನು ಕ್ಯಾಮೆರಾ ತಂದ. ಪರೀಕ್ಷೆ ಇನ್ನೂ ಮುಗಿದಿಲ್ಲ, ಯಾರಿಗೆ ಯಾವ ಮಾತ್ರೆ ಎಂದು ದೇವರಿಗೂ ಗೊತ್ತಿಲ್ಲ. ಇವನಿಗೆ ಮಾತ್ರ ಆಗಲೇ ‘ಬಳಕೆದಾರರ ಅನುಭವ’ ಬೇಕಾಗಿತ್ತು. ಮೈಯೆಲ್ಲ ಬಾಯಾಗಿ ಹೇಳಿದಳು ಬಿಗಿಯಕ್ಕ: ಹತ್ತು ವರ್ಷ ಹಿಂದಕ್ಕೆ ಹೋದ ಹಾಗಿದೆ, ಕೈ ನನ್ನ ಮಾತು ಕೇಳುತ್ತಿದೆ ಎಂದು. ಒಂದಕ್ಷರವೂ ಸುಳ್ಳಲ್ಲ. ಅವನು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಅಂಗಡಿಯಲ್ಲಿ ಮಾರುವ ಎರಡು ತುಂಬು ಬಾಟಲಿಗಳನ್ನು ಕೈಗಿಟ್ಟು ಹೋದ. ವಾರದೊಳಗೆ ಆಕೆಯ ನಗು ಸಾವಿರಾರು ಫೋನುಗಳಲ್ಲಿತ್ತು.

ಕೊನೆಯ ಭೇಟಿಯ ದಿನ ಯಂತ್ರ ಇಪ್ಪತ್ತೈದು ತೋರಿಸಿತು. ಅದಾದ ಮೇಲೆ ನರ್ಸ್ ಕೊನೆಯ ಹಾಳೆಯ ಪ್ರಶ್ನೆಗಳನ್ನು ಓದತೊಡಗಿದಳು. ಅದರಲ್ಲೊಂದು: ನಿಮ್ಮ ಬಾಟಲಿಯ ಮಾತ್ರೆಗಳನ್ನು ನೀವೊಬ್ಬರೇ ತೆಗೆದುಕೊಂಡಿರಾ?

“ಇಲ್ಲಮ್ಮ, ಇಬ್ಬರದೂ ಒಂದೇ ಡಬ್ಬಿ” ಎಂದಳು ಬಿಗಿಯಕ್ಕ, ಮನೆಯ ನಲ್ಲಿ ಒಂದೇ ಎನ್ನುವಷ್ಟು ಸಲೀಸಾಗಿ.

ನರ್ಸಿನ ಪೆನ್ನು ನಿಂತಿತು. ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮ ಬಂದರು, ಕೇಳಿದರು, ತಲೆಯ ಮೇಲೆ ಕೈಹೊತ್ತು ಕೂತರು. ಹನ್ನೆರಡು ವಾರದ ಶ್ರಮ ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಗದರಿದರು. ಮಿಕ್ಕವರನ್ನೂ ವಿಚಾರಿಸಿದಾಗ ಪ್ಯಾಕಿಂಗಿನವನು ತನ್ನ ಪಾಲಿನ ಅರ್ಧವನ್ನು ಮಾವನಿಗೆ ತಿನ್ನಿಸಿದ್ದು ಹೊರಬಿತ್ತು. ನನ್ನ ಸಿಟ್ಟು ಮಾತ್ರ ಡಬ್ಬಿ ಕುಲುಕಿದವರ ಮೇಲಲ್ಲ. ಒಂದೇ ಮನೆಯ ಇಬ್ಬರನ್ನು ಸೇರಿಸಿಕೊಳ್ಳುವಾಗ, ‘ನಿಮ್ಮ ಮನೆಯಲ್ಲಿ ವಸ್ತುಗಳು ಯಾರ ಯಾರವು?’ ಎಂದು ಒಂದು ಮಾತು ಕೇಳುವ ಬುದ್ಧಿ ಅಷ್ಟು ಓದಿದವರಲ್ಲಿ ಒಬ್ಬರಿಗೂ ಇರಲಿಲ್ಲವೇ? ಆ ಪ್ರಶ್ನೆ ಕೊನೆಯ ಹಾಳೆಗೆ ಯಾಕೆ ಕಾಯಬೇಕಿತ್ತು?

ಬಿಗಿಯಕ್ಕನಿಗೆ ಬೈಗುಳ ತಾಗಲಿಲ್ಲ. ಬೇರೊಂದು ತಾಗಿತು. ಈ ಬಲ ಮಾತ್ರೆಯದೋ ನನ್ನದೋ, ಹೇಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಡಾಕ್ಟರಮ್ಮನ ದನಿ ತಣ್ಣಗಾಯಿತು. ಬಾಟಲಿಗಳ ಗುಟ್ಟು ಬಯಲಾಗುವುದು ಐದು ವಾರದ ಮೇಲೆ, ಆದರೆ ಒಬ್ಬರದು ಔಷಧಿ, ಒಬ್ಬರದು ಹಿಟ್ಟು ಎಂದಾಗಿದ್ದರೆ ಇನ್ನೆಂದಿಗೂ ಹೇಳಲಿಕ್ಕಾಗದು ಎಂದರು. ಹೋಗುವ ಮೊದಲು ಇನ್ನೊಂದು ಕೇಳಿದರು: ಈ ಮೂರು ತಿಂಗಳಲ್ಲಿ ಬೇರೆ ಏನಾದರೂ ಹೊಸದು ಮಾಡಿದ್ದೀರಾ?

ಏನೂ ಇಲ್ಲ ಎಂದಳು ಹಿರಿಯವಳು. ಪಕ್ಕದಲ್ಲಿದ್ದ ಕಿರಿಯವಳು ಬಾಯಿ ಹಾಕಿದಳು. “ಒದ್ದೆ ಟವೆಲ್ ಹಿಂಡ್ತಿದ್ವಲ್ಲ ಅಕ್ಕ. ಮಾತ್ರೆ ನುಂಗಿದ ಮೇಲೆ ದಿನಾ ಐವತ್ತು ಸಲ, ಯಂತ್ರಕ್ಕೆ ಅಭ್ಯಾಸ ಆಗ್ಲಿ ಅಂತ. ನೀನು ನನ್ನ ಸೋಲಿಸ್ಬೇಕು ಅಂತ ಐವತ್ತೈದು ಹಿಂಡ್ತಿದ್ದೆ, ಕದ್ದು.”

ಡಾಕ್ಟರಮ್ಮ ಮೊದಲ ಸಲ ನಕ್ಕರು.

ಕಾರ್ಖಾನೆಯ ಪರೀಕ್ಷೆಗೆ ಉಳಿದದ್ದು ಮೂರು ವಾರ. ಆಸ್ಪತ್ರೆಯ ಮಾತ್ರೆ ಮುಗಿದಿತ್ತು; ಕಂಪನಿಯವನು ಕೊಟ್ಟ ಎರಡು ಬಾಟಲಿ ಕಪಾಟಿನಲ್ಲಿದ್ದವು, ಸೀಲ್ ಒಡೆಯದೆ. ಮೊದಲು ಮೇಜು ಉಳಿಸಿಕೋ, ಸತ್ಯ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ವಾರಗಿತ್ತಿ ಅಂಗಲಾಚಿದಳು. ಮಾವನಿಗೆ ಮಾತ್ರೆ ತಿನ್ನಿಸಿದವನೂ ಬಂದು ಬುದ್ಧಿ ಹೇಳಿದ. ಬಿಗಿಯಕ್ಕ ಆ ಬಾಟಲಿಗಳನ್ನು ಒಂದು ಚೀಲಕ್ಕೆ ಹಾಕಿ ನರ್ಸಿನ ಮೇಜಿನ ಮೇಲಿಟ್ಟು ಬಂದಳು.

“ಇದನ್ನ ತಿಂದು ಗೆದ್ರೆ ಸಾಯೋವರೆಗೂ ಇದನ್ನೇ ತಿನ್ಬೇಕು. ತಿನ್ನದೆ ಸೋತ್ರೆ ಆ ಮೂಲೇಲಿ ಕೂತ್ಕೋತೀನಿ. ಕೈ ಯಾರದು ಅಂತಾನಾದ್ರೂ ಗೊತ್ತಾಗತ್ತೆ” ಎಂದು ವಾರಗಿತ್ತಿಗೆ ಹೇಳಿದಳಂತೆ. ಓದಿದ ಮಹನೀಯರೇ, ಪರೀಕ್ಷೆ ಎಂದರೆ ಇದು. ತಾನು ಮೂವತ್ತೊಂದು ವರ್ಷ ನಿಂತ ಜಾಗವನ್ನೇ ಪಣಕ್ಕಿಟ್ಟು ಒಂದು ಪ್ರಶ್ನೆ ಕೇಳುವುದು.

ಕಾರ್ಖಾನೆಯ ಪರೀಕ್ಷೆಯ ಬೆಳಗ್ಗೆ ಚಳಿಯಿತ್ತು. ಚಳಿಗೆ ರೆಕ್ಸಿನ್ ಹಠಮಾರಿ ಮಗುವಿನಂತೆ ಸೆಟೆಯುತ್ತದೆ. ಬಿಗಿಯಕ್ಕ ಆರೂ ಚೀಲಗಳನ್ನು ದೀಪದಡಿ ಒಂದೊಂದಾಗಿ ಬೆಚ್ಚಗೆ ಮಾಡಿಕೊಂಡಳು. ಮೇಸ್ತ್ರಿ ಗಡಿಯಾರ ಹಿಡಿದ. ಮೊದಲ ಸೀಟು ನಾಲ್ಕು ನಿಮಿಷ. ಎರಡನೆಯದು ನಾಲ್ಕೂಕಾಲು. ಮೂರನೆಯದರ ಹದಿಮೂರನೇ ಕೊಕ್ಕೆ ಜಾರಿತು. ವಾರಗಿತ್ತಿ ಕತ್ತರಿ ಕೆಳಗಿಟ್ಟು ಕಣ್ಣು ಮುಚ್ಚಿದಳು. ಮತ್ತೆ ಎಳೆದಳು ಬಿಗಿಯಕ್ಕ, ಕೂತಿತು. ನಾಲ್ಕು, ಐದು. ಆರನೆಯದಕ್ಕೆ ಬರುವ ಹೊತ್ತಿಗೆ ಸಾಲಿನ ಯಂತ್ರಗಳೆಲ್ಲ ತಾವೇ ತಾವಾಗಿ ನಿಂತಿದ್ದವು, ಮೇಸ್ತ್ರಿ ಒಬ್ಬರನ್ನೂ ಗದರಲಿಲ್ಲ. ಹದಿನಾಲ್ಕನೇ ಕೊಕ್ಕೆ ಟಕ್ ಎಂದಾಗ ಇಪ್ಪತ್ತಾರು ನಿಮಿಷ ನಲವತ್ತು ಸೆಕೆಂಡು. ಮೇಸ್ತ್ರಿ ಆರೂ ಸೀಟುಗಳ ಮೇಲೆ ಕೈಯಾಡಿಸಿದ. “ನಿನ್ನ ಮೇಜು ನಿಂದೇ, ಹೋಗು” ಎಂದ. ವಾರಗಿತ್ತಿ ಓಡಿಬಂದು ಆ ಹೆಬ್ಬೆರಳಿಗೆ ಮುತ್ತಿಟ್ಟಳು, ಇಡೀ ಕಾರ್ಖಾನೆಯ ಎದುರಿಗೆ.

ಎರಡು ವಾರದ ಮೇಲೆ ಆಸ್ಪತ್ರೆಯಿಂದ ಕಾಗದ ಬಂತು. ಬಿಗಿಯಕ್ಕನ ಬಾಟಲಿಯಲ್ಲಿದ್ದದ್ದು ಹಿಟ್ಟು. ವಾರಗಿತ್ತಿಯ ಬಾಟಲಿಯಲ್ಲಿದ್ದದ್ದೂ ಹಿಟ್ಟು! ಡಬ್ಬಿಯನ್ನು ಎಷ್ಟು ಕುಲುಕಿದರೂ ಹಿಟ್ಟಿಗೆ ಹಿಟ್ಟೇ ಬೆರೆತದ್ದು. ಹನ್ನೆರಡು ವಾರ ಆ ಮನೆಯೊಳಗೆ ಔಷಧಿಯ ಒಂದು ಕಣವೂ ಹೋಗಿರಲಿಲ್ಲ. ಹಂಚಿಕೊಂಡವರನ್ನು ಬಿಟ್ಟು ಉಳಿದವರ ಲೆಕ್ಕ ತೆಗೆದರೆ, ಮಾತ್ರೆ ತಿಂದವರ ಕೈಬಲ ಎಷ್ಟು ಏರಿತ್ತೋ ಹಿಟ್ಟು ತಿಂದವರದೂ ಹೆಚ್ಚುಕಡಿಮೆ ಅಷ್ಟೇ ಏರಿತ್ತು. ಹಾಗಾದರೆ ಟವೆಲ್ ತಾನೇ ನಿಜವಾದ ಔಷಧಿ ಎಂದು ಬಿಗಿಯಕ್ಕ ಕುಣಿಯುತ್ತಾ ಫೋನು ಮಾಡಿ ಕೇಳಿದರೆ ಡಾಕ್ಟರಮ್ಮ ಒಪ್ಪಲಿಲ್ಲ. ಟವೆಲ್ ಇರಬಹುದು, ಯಂತ್ರ ಹಿಂಡುವ ರೂಢಿ ಇರಬಹುದು, ನಂಬಿಕೆಯ ಹುಮ್ಮಸ್ಸು ಇರಬಹುದು. ಇಬ್ಬರ ಕಥೆಯಿಂದ ಯಾವುದನ್ನೂ ಸಾಬೀತು ಎನ್ನಬೇಡಿ ಎಂದರು. ಮಾರುವವರ ಬಾಯಲ್ಲಿ ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಮಾತು ಅದು: ನಮಗೆ ಗೊತ್ತಿಲ್ಲ.

ಬಿಗಿಯಕ್ಕ ಅದೇ ಬಿಸಿಯಲ್ಲಿ ಕಂಪನಿಗೆ ಫೋನು ಮಾಡಿ ವಿಡಿಯೋ ತೆಗೆಯಿರಿ ಎಂದಳು. ಪ್ರಚಾರದವನದು ಬೆಣ್ಣೆಯಂಥ ಮಾತು. ನೀವೇನೂ ಸುಳ್ಳು ಹೇಳಿಲ್ಲವಲ್ಲಮ್ಮ, ಅದು ನಿಮ್ಮ ಅನುಭವ, ಸಹಿಯೂ ನಿಮ್ಮದೇ ಎಂದ.

“ಅನುಭವ ನಂದೇ ಕಣಪ್ಪಾ. ಮಾತ್ರೆ ನಿಮ್ಮದಾಗಿರ್ಲಿಲ್ಲ” ಎಂದಳು ಬಿಗಿಯಕ್ಕ.

ಅವನು ಫೋನಿಟ್ಟ. ವಿಡಿಯೋ ಇವತ್ತಿಗೂ ಓಡಾಡುತ್ತಿದೆ. ಹಿಟ್ಟು ತಿಂದು ನಕ್ಕ ಹೆಂಗಸಿನ ನಗುವನ್ನು ತೋರಿಸಿ ಮಾತ್ರೆ ಮಾರುತ್ತಿದ್ದಾರೆ, ಹಿಟ್ಟೆಂದು ಗೊತ್ತಿದ್ದೂ ಮಾರುತ್ತಿದ್ದಾರೆ. ಅದನ್ನು ಊರೂರಿಗೆ ಹೊತ್ತು ತಿರುಗುತ್ತಿರುವವರು ಕಂಪನಿಯ ಆಳುಗಳಲ್ಲ. ನೀವು. ಅತ್ತೆಗೆ, ಚಿಕ್ಕಪ್ಪನಿಗೆ, ಮಂಡಿನೋವಿನ ಗೆಳತಿಗೆ, ‘ನೋಡಿ, ಎಷ್ಟು ಚೆನ್ನಾಗಿದ್ದಾರೆ’ ಎಂದು ಕಳಿಸಿದವರು ನೀವು.

ಈ ಪುಟ ತಿರುವುವ ಮುನ್ನ ಫೋನು ಕೈಗೆತ್ತಿಕೊಳ್ಳಿ. ಆ ವಿಡಿಯೋ ಯಾರ ಯಾರಿಗೆ ಕಳಿಸಿದ್ದೀರೋ ಅವರೆಲ್ಲರಿಗೂ ಬರೆಯಿರಿ: ಈಕೆ ತಿಂದದ್ದು ಹಿಟ್ಟು. ಆಮೇಲೆ ನಿಮ್ಮ ಕಪಾಟಿನಲ್ಲಿರುವ ಶೀಶೆಯ ಕಂಪನಿಗೆ ಫೋನು ಮಾಡಿ, ಹಿಟ್ಟು ತಿಂದವರಿಗೆ ಏನಾಯಿತು ಎಂದು ಕೇಳಿ. ಉತ್ತರ ಬರುವವರೆಗೆ ಫೋನು ಇಡಬೇಡಿ.